ತಿಪ್ಪೆಗೆ ಬಂದ ಜ್ವರ

ಆ ಬೆಳಿಗ್ಗೆ ಅವಳು ಎರಡು ಬಕೆಟ್ ನೀರು ಸುರಿದದ್ದು ಬೆಂಕಿಯ ಮೇಲೆ ಎಂದುಕೊಂಡೇ.

ಚಳಿಗಾಲ ಬಂತೆಂದರೆ ಕಾಲೇಜಿನ ಹಿಂದಿನ ಓಣಿಯವರು ತರಗೆಲೆ ಗುಡ್ಡೆ ಹಾಕಿ ಸುಡುತ್ತಿದ್ದರು. ಹೊಗೆ ನೆಟ್ಟಗೆ ಬರುತ್ತಿದ್ದದ್ದು ಕಾಲೇಜಿನ ಗೋಡೆಗೆ ಹತ್ತಿದ ಅವಳ ಮನೆಯ ಮಹಡಿಯ ಕಿಟಕಿಗೆ. ಉಬ್ಬಸದ ಅಮ್ಮ ಗಾಜು ಬಿಗಿದುಕೊಂಡು, ದಿಂಬಿಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ಕಾಲೇಜಿನ ಕ್ಲಿನಿಕ್ಕಿನಲ್ಲಿ ಅವಳು ನರ್ಸ್. ಡ್ಯೂಟಿಗೆಂದು ಹಿಂದಿನ ಗೇಟು ದಾಟಿದವಳಿಗೆ, ಗೋಡೆಯ ಪಕ್ಕದ ಎಲೆಗುಡ್ಡೆಯ ನೆತ್ತಿಯಿಂದ ಬೆಳ್ಳಗೆ ಏನೋ ಏಳುತ್ತಿದ್ದದ್ದು ಕಂಡಿತು. ಹಿಂದೆ ಮುಂದೆ ನೋಡಲಿಲ್ಲ. ನಲ್ಲಿ ಅಲ್ಲೇ ಇತ್ತು, ಬಕೆಟ್ಟೂ ಇತ್ತು.

"ಅಯ್ಯಯ್ಯೋ, ಏನ್ ಮಾಡಿದ್ರಿ!" ಸಲಿಕೆ ಹಿಡಿದ ಒಬ್ಬ ಓಡಿ ಬಂದ.

"ಬೆಂಕಿ ಆರಿಸಿದೆ. ಕಾಲೇಜಿನವರೇ ಎಲೆ ಸುಟ್ರೆ ಓಣಿಯವರಿಗೆ ಬುದ್ಧಿ ಹೇಳೋರು ಯಾರ್ರೀ?"

"ಬೆಂಕಿ ಎಲ್ಲಿದೆ? ಇದು ಗೊಬ್ಬರ ಕಣ್ರೀ! ಹಾಸ್ಟೆಲ್ಲಿನ ಊಟದಲ್ಲಿ ಮಿಕ್ಕಿದ್ದು, ಅದರ ಮೇಲೆ ಎಲೆ. ಕೊಳೀತಾ ಕೊಳೀತಾ ಒಳಗೆ ಕಾವು ಏರಿತ್ತು. ಅದು ಹೊಗೆ ಅಲ್ಲ, ಹಬೆ!"

ಅವನು ಮಂಡಿಯೂರಿ ಗುಡ್ಡೆಯ ಮೇಲೆ ಅಂಗೈ ಇಟ್ಟ. ಬೈಗುಳಕ್ಕೆ ತಯಾರಾಗಿ ನಿಂತಿದ್ದ ಅವಳು ಆ ಮುಖ ನೋಡಿ ಬಕೆಟ್ ಕೆಳಗಿಟ್ಟಳು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತ ಬಂಧುಗಳಲ್ಲಿ ಅಂಥ ಮುಖವನ್ನು ಅವಳು ಎಷ್ಟೋ ಸಲ ನೋಡಿದ್ದಳು.

ಅವನು ಸಸ್ಯಶಾಸ್ತ್ರದ ಮೇಷ್ಟ್ರು. ಹುಡುಗರು ಇಟ್ಟ ಹೆಸರು ತಿಪ್ಪೆ ಮೇಷ್ಟ್ರು. ಹೆಸರಿಗೆ ಅವನೇನೂ ಬೇಜಾರು ಮಾಡಿಕೊಂಡವನಲ್ಲ.

ಮೂರನೇ ದಿನಕ್ಕೆ ತಣ್ಣಗಾದ ಗುಡ್ಡೆ ನಾರತೊಡಗಿತು. ಓಣಿಯ ಹಿರಿಯರಾದ ನಿವೃತ್ತ ಪೋಸ್ಟ್ ಮಾಸ್ತರು ಮಫ್ಲರನ್ನು ಮೂಗಿಗೆ ಏರಿಸಿಕೊಂಡು ಬಂದರು.

"ಮೇಷ್ಟ್ರೇ, ನಿಮ್ಮ ಪರಿಸರ ನಮ್ಮ ಮೂಗಿಗೆ ಹತ್ತಿದೆ. ತಿಂಗಳೊಳಗೆ ಈ ನಾತ ಹೋಗಲಿಲ್ಲ ಅಂದ್ರೆ ಪ್ರಿನ್ಸಿಪಾಲರಿಗೆ ಹೇಳಿ ಎತ್ತಿಸ್ತೀನಿ. ಇದಕ್ಕಿಂತ ಸುಡೋದೇ ವಾಸಿ."

ಸುಡೋದೇ ವಾಸಿ. ಆ ಮಾತು ಗೇಟು ದಾಟುತ್ತಿದ್ದ ಅವಳಿಗೆ ಅಮ್ಮನ ಕೆಮ್ಮಿನ ದನಿಯಲ್ಲೇ ಕೇಳಿಸಿತು. ಸಂಜೆ ಕ್ಲಿನಿಕ್ ಮುಚ್ಚಿ ಸೀದಾ ಗೋಡೆಯ ಹತ್ತಿರ ಬಂದಳು.

"ತಪ್ಪು ನನ್ನದು. ಏನು ಮಾಡಿದ್ರೆ ಇದು ಬದುಕುತ್ತೆ, ಹೇಳಿ."

"ಒಣ ಎಲೆ ಬೇಕು, ರಾಶಿಗಟ್ಟಲೆ. ಮತ್ತೆ ದಿನಾ ಮಗುಚಬೇಕು, ಒಳಗೆ ಗಾಳಿ ಆಡೋ ಹಾಗೆ."

"ಉಸಿರಾಟದ ತೊಂದರೆ ಅನ್ನಿ. ನನಗೆ ಗೊತ್ತಿರೋ ಕೇಸೇ."

ಅವನು ಮೊದಲ ಸಲ ನಕ್ಕ. ನಕ್ಕರೆ ಅವನ ಎಡಗೆನ್ನೆ ಮಾತ್ರ ಗುಳಿ ಬೀಳುತ್ತಿತ್ತು, ಬಲಗೆನ್ನೆಗೆ ಸುದ್ದಿ ಇನ್ನೂ ತಲುಪಿಲ್ಲವೇನೋ ಎಂಬಂತೆ.

ಅವಳು ಚೀಲ ಹಿಡಿದು ಓಣಿಯ ಮನೆಮನೆಗೂ ಹೋದಳು. "ಸುಡಬೇಡಿ ಅತ್ತೆ, ನನಗೆ ಕೊಡಿ."

"ಯಾಕಮ್ಮ, ಕ್ಲಿನಿಕ್ಕಲ್ಲಿ ಮಾತ್ರೆ ಮುಗಿದು ಇನ್ಮೇಲೆ ಎಲೆ ಅರೆದು ಕುಡಿಸ್ತೀರಾ?" ಮೂಲೆಮನೆಯಾಕೆ ಛೇಡಿಸಿದಳು. ಆದರೂ ಚೀಲ ತುಂಬಿಸಿದಳು.

ದಿನಾ ಬೆಳಿಗ್ಗೆ, ಡ್ಯೂಟಿಗೆ ಮುಂಚೆ, ಇಬ್ಬರೂ ಗುಡ್ಡೆ ಮಗುಚುತ್ತಿದ್ದರು. ಅವಳು ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡರೆ ಅವನು ಅತ್ತ ತಿರುಗಿ ಸಲಿಕೆಯ ಹಿಡಿಯನ್ನು ಬಲು ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ. ಅವಳ ಕೂದಲಲ್ಲಿ ಎಲೆಚೂರು ಸಿಕ್ಕಿಕೊಂಡರೆ ತೆಗೆಯಲು ಕೈ ಎತ್ತಿ, ಆ ಕೈಯಿಂದ ತನ್ನದೇ ತಲೆ ಕೆರೆದುಕೊಳ್ಳುತ್ತಿದ್ದ. ಕಾಲೇಜಿಗೆ ಕಾಲೇಜೇ ಅವಳನ್ನು ಸಿಸ್ಟರ್ ಎನ್ನುತ್ತಿತ್ತು. ಅವನು ಮಾತ್ರ ಆ ಶಬ್ದದ ತನಕ ಬಂದು, ತಡವರಿಸಿ, "ರೀ" ಎಂದು ದಾಟಿಬಿಡುತ್ತಿದ್ದ. ಅವಳು ಅದನ್ನು ಗಮನಿಸಿದ್ದಳು. ಗಮನಿಸದವಳ ಹಾಗೆ ಇರುವುದೂ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು.

ಒಂದು ದಿನ ಥರ್ಮಾಮೀಟರ್ ತಂದಳು.

"ಇದು ಮನುಷ್ಯರ ಜ್ವರಕ್ಕೆ ರೀ. ಗುಡ್ಡೆಗೆ ಬರಬೇಕಾದ ಜ್ವರಕ್ಕೆ ಒಡೆದೇ ಹೋಗುತ್ತೆ."

"ಜ್ವರ ಬರಲಪ್ಪಾ ಅಂತ ನಾನು ಕಾಯ್ತಿರೋ ಮೊದಲನೇ ಪೇಷೆಂಟು ಇದು."

ಮಗುಚಿದ ಮೇಲೆ ಅವನು ತೋಳು ಮಡಚಿ, ಮೊಣಕೈವರೆಗೂ ಗುಡ್ಡೆಯೊಳಗೆ ಕೈ ತೂರಿಸಿ, ಕಣ್ಣು ಮುಚ್ಚುತ್ತಿದ್ದ. ಆ ಮುಚ್ಚಿದ ಕಣ್ಣುಗಳೇ ಅವಳಿಗೆ ದಿನದ ಸಂಪಾದನೆ. ಅಷ್ಟು ಹೊತ್ತು ಯಾರ ಹಂಗೂ ಇಲ್ಲದೆ ಆ ಮುಖ ನೋಡಬಹುದಿತ್ತು.

"ಇನ್ನೂ ತಣ್ಣಗಿದೆ," ಎನ್ನುತ್ತಿದ್ದ. "ನಾಳೆ ನೋಡೋಣ."

ಗುಡ್ಡೆ ಬಿಸಿಯಾಗಲಿ ಎಂದು ಬೇಡಿಕೊಳ್ಳುತ್ತಿದ್ದವಳಿಗೆ ಆ "ನಾಳೆ" ಯಾಕೆ ಇಷ್ಟು ಹಿತವಾಗುತ್ತಿತ್ತೋ.

ತಿಂಗಳು ಮುಗಿಯುತ್ತ ಬಂದಾಗ ಪೋಸ್ಟ್ ಮಾಸ್ತರು ಮತ್ತೆ ಬಂದರು. ಅವಳು ಸಲಿಕೆ ಹಿಡಿದೇ ಗುಡ್ಡೆಗೆ ಅಡ್ಡ ಬಂದಳು. ಆದರೆ ಮಫ್ಲರು ಮೂಗಿನ ಮೇಲಲ್ಲ, ಕೊರಳಲ್ಲೇ ಇತ್ತು. ಬೆನ್ನ ಮೇಲೆ ಒಂದು ಗೋಣಿಚೀಲ.

"ಎಲೆ ತಂದಿದ್ದೀನಿ. ಎಲ್ಲಿ ಸುರೀಲಿ? ಮೂರ್ನಾಲ್ಕು ದಿನದಿಂದ ನಾತವೇ ಇಲ್ಲ ಮಾರಾಯ್ರೇ. ಈಗ ತಾನೇ ಅಗೆದ ಮಣ್ಣಿನ ವಾಸನೆ. ಎತ್ತಿಸೋ ಮಾತು ಬಿಟ್ಟೆ, ಹೋಗಿ."

ಅವರು ಚೀಲ ಕೊಡವಿಕೊಂಡು ಹೋದರು. ಅವಳು ನಿಂತಲ್ಲೇ ನಿಂತಳು. ಮೂರ್ನಾಲ್ಕು ದಿನದಿಂದ? ನಾತ ಹೋಗಿದೆಯೆಂದರೆ ಕಾವು ಬಂದಿರಬೇಕು. ಕಾವು ಬಂದಿದ್ದರೆ...

ಅವನು ಎಂದಿನಂತೆ ಕೈ ತೂರಿಸಿ ಕಣ್ಣು ಮುಚ್ಚಿದ್ದ. "ಇನ್ನೂ ತಣ್ಣಗಿ..."

ಅವಳು ಪಕ್ಕದಲ್ಲಿ ಮಂಡಿಯೂರಿ ತನ್ನ ಕೈಯನ್ನೂ ಒಳಗೆ ತೂರಿಸಿದಳು. ಹಂಡೆಯ ನೀರಿನಂಥ ಬಿಸಿ. ಆ ಬಿಸಿಯಲ್ಲಿ ಅವನ ಬೆರಳುಗಳು.

ಅವನು ಕಣ್ಣು ಬಿಟ್ಟ.

"ಯಾವತ್ತಿಂದ?" ಎಂದಳು.

"ಸೋಮವಾರದಿಂದ. ನೀವು ಬರೋಕೆ ಮುಂಚೆ ನಡುಭಾಗ ನಾನೇ ಮಗುಚಿ, ಹಬೆ ಕಾಣದ ಹಾಗೆ ಎಲೆ ಮುಚ್ತಿದ್ದೆ."

"ಮೇಷ್ಟ್ರಾಗಿ ಹೀಗೆ ಹಸಿ ಸುಳ್ಳು ಹೇಳ್ತೀರಾ?"

"ಬಿಸಿಯಾಯ್ತು ಅಂದ್ರೆ..." ಅವನ ಕಿವಿ ಕೆಂಪಾಗಿತ್ತು. "ನಿಮ್ಮ ತಪ್ಪು ತೀರಿತು ಅಂತ ನೀವು ನಾಳೆಯಿಂದ ಬರಲ್ವಲ್ಲ. ಆಮೇಲೆ ನಾನೊಬ್ಬನೇ ಇಲ್ಲಿ ಏನು ಮಾಡ್ಲಿ? ನೀವು ಬರೋಕೆ ಮುಂಚೆ ಈ ಕೆಲಸ ನನಗೆ ಒಬ್ಬನ ಕೆಲಸವೇ ಆಗಿತ್ತು. ಈಗ ಆಗ್ತಿಲ್ಲ."

ಗುಡ್ಡೆಯೊಳಗೆ, ಯಾರಿಗೂ ಕಾಣದಲ್ಲಿ, ಅವಳ ಬೆರಳುಗಳೇ ಮೊದಲು ಮಾತಾಡಿದವು.

"ಜ್ವರ ಬಂತು ಅಂತ ಪೇಷೆಂಟನ್ನ ಬಿಟ್ಟು ಹೋಗೋ ನರ್ಸನ್ನ ಎಲ್ಲಾದ್ರೂ ನೋಡಿದ್ದೀರಾ ರೀ?"

ಎಡಗೆನ್ನೆ ಗುಳಿ ಬಿತ್ತು. ಈ ಸಲ ಬಲಗೆನ್ನೆಗೂ ಸುದ್ದಿ ಮುಟ್ಟಿತ್ತು. ಕೆದಕಿದ ಗುಡ್ಡೆಯಿಂದ ಹಬೆ ಎದ್ದು, ಇಬ್ಬರ ನಡುವೆ ಸುಳಿದು, ಗೋಡೆ ದಾಟಿ ಮೇಲೇರಿತು.

"ಏನೇ ಅದು, ಹೊಗೆನಾ?" ಮಹಡಿಯ ಗಾಜಿನ ಹಿಂದಿನಿಂದ ಅಮ್ಮನ ದನಿ.

"ಹೊಗೆ ಅಲ್ಲಮ್ಮ, ಹಬೆ! ಕಿಟಕಿ ತೆಗಿ, ಏನೂ ಆಗಲ್ಲ!"

ಆ ಚಳಿಗಾಲದಲ್ಲಿ ಮೊದಲ ಸಲ ಕಿಟಕಿ ತೆರೆಯಿತು. ಅಮ್ಮ ತಲೆ ಹೊರಹಾಕಿ ಒಂದು ನಿಡಿದಾದ ಉಸಿರು ಎಳೆದುಕೊಂಡಳು. ಕೆಮ್ಮಲಿಲ್ಲ.

"ಗೊತ್ತು ಕಣೇ. ಗಾಜಿನ ಹಿಂದೆ ಕೂತು ದಿನಾ ನೋಡ್ತಾ ಇದ್ದೀನಲ್ಲ, ನಂಗೆ ಬರೀ ಉಬ್ಬಸ, ಕಣ್ಣು ಚೆನ್ನಾಗೇ ಇದೆ. ಮೇಷ್ಟ್ರೇ, ಕೈ ತೊಳ್ಕೊಂಡು ಮೇಲೆ ಬನ್ನಿ. ಟೀಗೆ ಇಟ್ಟಿದ್ದೀನಿ."

"ಬಂದ್ವಿ ಅಮ್ಮಾ," ಎಂದ ಮೇಷ್ಟ್ರು.

ಕೈ ತೊಳೆಯಬೇಕಾದರೆ ಮೊದಲು ಹೊರಗೆ ತೆಗೆಯಬೇಕಿತ್ತು. ಇಬ್ಬರಿಗೂ ಅದರ ಆತುರವಿರಲಿಲ್ಲ.