ಕಳೆದುಹೋದ ಇಪ್ಪತ್ತೈದು ಕುದುರೆಗಳು

"ಈ ಫೈಲ್ ಹಾಕಿದವರು ಯಾರು?"

ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆಯೇ ಭಾಗ್ಯಜ್ಯೋತಿ ಗ್ಯಾರೇಜಿನಲ್ಲಿದ್ದವರನ್ನು ಕೇಳಿದಳು. ಎದುರಿಗಿದ್ದ ಎರಡು ಬಾಗಿಲಿನ ನೀಲಿ ಟರ್ಬೊ ಕಾರಿನ ಮಾಲೀಕ, ಹೋಮ್‌ವರ್ಕ್ ಮಾಡದೆ ಬಂದ ವಿದ್ಯಾರ್ಥಿಯಂತೆ ಕೀಲಿಗೊಂಚಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಹೊರಗಡೆ ಒಬ್ರ ಹತ್ರ ಮಾಡಿಸಿದ್ದೆ ಮೇಡಂ. ಪವರ್ ಜಾಸ್ತಿ ಬರುತ್ತೆ ಅಂದ್ರು."

"ಪವರ್ ಬರ್ತದ. ಅದರ ಹಿಂದನ ಪಿಸ್ಟನ್ ಹೋಗ್ತದ. ಒಳಗ ಸುತ್ತಿಗಿಲೆ ಬಡದಂಗ ಸಪ್ಪಳ ಆಗಾಕತ್ತದ. ನಿಮಗ ಕೇಳಿಸೇ ಇಲ್ಲೇನು?"

"ಕೇಳಿಸ್ತಿತ್ತು. ಅದನ್ನ ಸ್ಪೋರ್ಟ್ಸ್ ಕಾರಿನ ಸೌಂಡ್ ಅಂದ್ಕೊಂಡಿದ್ದೆ."

ಪಕ್ಕದಲ್ಲಿದ್ದ ಮೆಕ್ಯಾನಿಕ್ ಸೀನು ನಕ್ಕುಬಿಟ್ಟ. ಭಾಗ್ಯಜ್ಯೋತಿ ನಗಲಿಲ್ಲ. ಮಾತಾಡಲಾರದ ಯಂತ್ರವೊಂದನ್ನು ಹೀಗೆ ಹಿಂಸಿಸಿದ್ದಾರಲ್ಲ ಎಂಬ ಸಿಟ್ಟು ಅವಳ ನೆತ್ತಿಗೇರಿತ್ತು. ಸಿಟ್ಟು ಬಂದಾಗಲೆಲ್ಲ, ಮೂರು ವರ್ಷ ಶ್ರಮಪಟ್ಟು ಕಲಿತ ಬೆಂಗಳೂರು ಕನ್ನಡ ಕಳಚಿ ಬಿದ್ದು ತನ್ನೂರು ಶಹಾಪುರದ ಮಾತು ತಾನಾಗಿ ಹೊರಬರುತ್ತಿತ್ತು.

ಅವಳು ಭೌತಶಾಸ್ತ್ರದ ಪದವೀಧರೆ. ಬಿಟಿಎಂ ಲೇಔಟಿನ ಪಿ.ಜಿ.ಯೊಂದರಲ್ಲಿ ವಾಸ, ತಿಲಕ್ ನಗರದ ಅಂಚಿನಲ್ಲಿರುವ ಬೈಲಪ್ಪನವರ ಗ್ಯಾರೇಜಿನಲ್ಲಿ ಕೆಲಸ. ಟರ್ಬೊ ಇಂಜಿನ್ನಿಗೆ ಎಷ್ಟು ಗಾಳಿ ಒತ್ತಬೇಕು, ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿ ಯಾವ ಕ್ಷಣದಲ್ಲಿ ಹೊತ್ತಬೇಕು ಎಂಬುದನ್ನು ಕಾರಿನ ಕಂಪ್ಯೂಟರಿಗೆ ಬರೆದುಕೊಡುವುದೇ ಅವಳ ಕಸುಬು. ಆ ಬರವಣಿಗೆಗೆ ಗ್ಯಾರೇಜಿನವರು 'ಫೈಲ್' ಎನ್ನುತ್ತಾರೆ.

ಆದರೆ ಬಂದವರೆಲ್ಲ ಅವಳ ತಲೆಯ ಮೇಲಿಂದ ಇಣುಕಿ, "ಟ್ಯೂನರ್ ಎಲ್ಲಿ?" ಎಂದು ಕೇಳುತ್ತಿದ್ದರು. ಕೊನೆಯಲ್ಲಿ ಗ್ರಾಹಕರಿಗೆ ಕೊಡುವ ಅಳತೆಯ ಶೀಟಿಗೂ ಸೀನುವಿನ ಸಹಿಯೇ ಬೀಳುತ್ತಿತ್ತು. ಕೆಲಸ ಅವಳದು, ಹೆಸರು ಅವನದು! 

ಈ ಕಾರಿನ ಮಾಲೀಕ ಸಿದ್ಧಾರ್ಥ, ಜಯನಗರದ ಕ್ಲಿನಿಕ್ ಒಂದರಲ್ಲಿ ಫಿಸಿಯೋಥೆರಪಿಸ್ಟ್. ಅವನು ಸೀನುವಿನ ಕಡೆ ತಿರುಗಲಿಲ್ಲ.

"ಸದ್ದು ಕೇಳಿಸ್ಕೊಂಡೋರು ನೀವು. ನೀವೇ ಸರಿ ಮಾಡಿ," ಎಂದ.

ಅಷ್ಟೇ ಮಾತು. ಆದರೂ ಅಂದು ಸಂಜೆ ಪಿ.ಜಿ.ಗೆ ನಡೆದು ಹೋಗುವಾಗ ಭಾಗ್ಯಜ್ಯೋತಿ ಆ ಎರಡು ವಾಕ್ಯಗಳನ್ನು ಮೂರು ಸಲ ನೆನಪಿಸಿಕೊಂಡಳು.

ಮುಂದಿನ ನಾಲ್ಕು ಶನಿವಾರಗಳು ಆ ನೀಲಿ ಕಾರಿನವಾದವು. ಮೊದಲು ಹಳೆಯ ಫೈಲನ್ನು ಕಿತ್ತೆಸೆದಳು. ಇಂಜಿನ್ನಿಗೆ ತಂಪು ಗಾಳಿ ಹೆಚ್ಚು ಸಿಗಲೆಂದು, ಮುಂಭಾಗದ ಗಾಳಿಬಾಯಿಯನ್ನು ಅಗಲಿಸಿ ಅದರ ಜಾಲರಿಯನ್ನು ತೆಗೆಸಿದಳು. ಆಮೇಲೆ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಚಕ್ರ ತಿರುಗಿಸಿ ಶಕ್ತಿ ಅಳೆಯುವ ಯಂತ್ರದಲ್ಲಿ ಓಡಿಸಿದಳು.

ಅಳತೆಯಲ್ಲಿ ಅವಳದೊಂದು ಕ್ರಮವಿತ್ತು. ಪ್ರತಿ ಬಾರಿಯೂ ಮೂರು ಓಟ. ಮೂರರಲ್ಲಿ ಕಡಿಮೆ ಬಂದ ಅಂಕಿಯನ್ನೇ ಶೀಟಿಗೆ ಬರೆಯುವುದು.

"ಎಲ್ರೂ ಜಾಸ್ತಿ ಬಂದಿದ್ದನ್ನ ತೋರಿಸ್ತಾರೆ, ನೀವ್ಯಾಕೆ ಹೀಗೆ?" ಎಂದು ಸಿದ್ಧಾರ್ಥ ಒಮ್ಮೆ ಕೇಳಿದ.

"ಜಾಸ್ತಿ ಬಂದಿದ್ದು ಆ ದಿನದ ಅದೃಷ್ಟ. ಕಡಿಮೆ ಬಂದಿದ್ದು ಯಾವತ್ತೂ ಕೈ ಬಿಡಲ್ಲ," ಎಂದಳು ಅವಳು.

ಅವನು ಬಹಳ ಹೊತ್ತು ಅವಳನ್ನೇ ನೋಡಿದ. ಅವಳು ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಬಗ್ಗಿದಳು.

ಕೆಲಸ ಮುಗಿದಾಗ ಅಂಕಿ ಇನ್ನೂರ ಹನ್ನೆರಡು ಅಶ್ವಶಕ್ತಿಯಲ್ಲಿ ನಿಂತಿತು. ಇಂಜಿನ್ನಿನಲ್ಲಿ ಸುತ್ತಿಗೆಯ ಸದ್ದಿರಲಿಲ್ಲ. ಬೈಲಪ್ಪನವರು ಶೀಟನ್ನು ಎರಡು ಸಲ ಓದಿ, ಮೊದಲ ಬಾರಿಗೆ ಪೆನ್ನನ್ನು ಅವಳ ಕೈಗೆ ಕೊಟ್ಟರು. 'ಟ್ಯೂನರ್' ಎಂಬ ಪದದ ಎದುರು ಭಾಗ್ಯಜ್ಯೋತಿ ತನ್ನ ಹೆಸರನ್ನು ಒಂದಕ್ಷರವೂ ಅಂಟಿಕೊಳ್ಳದಂತೆ ಬರೆದಳು.

ಕಾರು ಒಯ್ಯುವ ದಿನ ಆಯುಧಪೂಜೆ. ಗ್ಯಾರೇಜಿನಲ್ಲಿದ್ದ ವಾಹನಗಳಿಗೆಲ್ಲ ಕುಂಕುಮ, ಹೂವು, ಚಕ್ರದಡಿಗೆ ನಿಂಬೆಹಣ್ಣು. ನೀಲಿ ಕಾರಿನ ಮುಂದೆ ಮಾತ್ರ ಅವಳು ಸೇವಂತಿಗೆಯ ಹಾರ ಹಿಡಿದು ಅನುಮಾನಿಸಿದಳು. ಅವನದು ಬನಶಂಕರಿಯ ಬೌದ್ಧ ಮನೆತನವೆಂದು ಅವಳಿಗೆ ಗೊತ್ತಿತ್ತು. ಕಟ್ಟಬಹುದೇ ಎಂದು ಕೇಳಿದಳು.

ತಮ್ಮ ಮನೆಯಲ್ಲಿ ಆಯುಧಪೂಜೆಯ ರೂಢಿ ಇಲ್ಲವೆಂದ ಅವನು, ತುಸು ತಡೆದು ಸೇರಿಸಿದ. "ಆದ್ರೆ ನೀವು ಕಟ್ಟಿದ್ರೆ ಬೇಡ ಅನ್ನಲ್ಲ."

ನಾಲ್ಕು ಮೊಳದ ಹಾರವನ್ನು ಅವಳು ಮುಂಭಾಗದಲ್ಲಿ ಈ ತುದಿಯಿಂದ ಆ ತುದಿಗೆ ಬಿಗಿದು ಕಟ್ಟಿದಳು. ಎರಡೂ ತುದಿಗಳಲ್ಲಿ ಗಟ್ಟಿಯಾಗಿ ಗಂಟು ಹಾಕಿದಳು.

ಹನ್ನೊಂದನೆಯ ದಿನ ಬೈಲಪ್ಪನವರು ಅವಳನ್ನು ಕರೆದರು. ಅವರ ಮುಖ ನೋಡಿದೊಡನೆ ಏನೋ ಕೆಟ್ಟಿದೆಯೆಂದು ಅವಳಿಗೆ ತಿಳಿಯಿತು.

ನೀಲಿ ಕಾರಿನ ಶಕ್ತಿ ಇಳಿದಿದೆಯಂತೆ. ಸಿದ್ಧಾರ್ಥ ಹಿಂದಿನ ದಿನವೇ ಅವರಿಗೆ ಫೋನ್ ಮಾಡಿದ್ದನಂತೆ. ಬೆಳಿಗ್ಗೆ ಅವಳು ಬರುವ ಮೊದಲೇ ಅವನು ಕಾರು ತಂದು ಬಿಟ್ಟಾಗ ಸೀನು ಉರುಳೆಗಳ ಮೇಲೆ ಓಡಿಸಿ ನೋಡಿದರೆ, ಬಂದದ್ದು ನೂರ ಎಂಬತ್ತೇಳು.

"ನಿಂಗೆ ಹೇಳ್ಬೇಡಿ ಅಂದಿದ್ದ ಕಣಮ್ಮ," ಎಂದರು ಬೈಲಪ್ಪ, ಕತ್ತು ಕೆರೆದುಕೊಳ್ಳುತ್ತ. "ಇನ್ಮೇಲೆ ಶೀಟಿಗೆ ಸೀನು ಸೈನ್ ಮಾಡ್ಲಿ ಬಿಡು. ಗ್ಯಾರೇಜಿನ ಹೆಸರು ನೋಡು, ಕೆಟ್ಟೋದ್ರೆ ಕಷ್ಟ."

ಇನ್ನೂರ ಹನ್ನೆರಡರಲ್ಲಿ ನೂರ ಎಂಬತ್ತೇಳು ಕಳೆದರೆ ಇಪ್ಪತ್ತೈದು. ಇಪ್ಪತ್ತೈದು ಕುದುರೆಗಳು ಎಲ್ಲಿ ಹೋದವು? ಅದಕ್ಕಿಂತ ದೊಡ್ಡ ಪ್ರಶ್ನೆ ಅವಳ ಎದೆಯನ್ನು ಒದೆಯುತ್ತಿತ್ತು. ನನಗೆ ಹೇಳಬೇಡಿ ಅಂದನೇ? ನಾಲ್ಕು ಶನಿವಾರ ಎದುರು ನಿಂತು ನಕ್ಕವನು, ದೂರನ್ನು ಮಾತ್ರ ನನ್ನ ಬೆನ್ನ ಹಿಂದೆ ಕೊಟ್ಟನೇ? ಒಂದೇ ಒಂದು ಸಹಿ ಮಾಡಿದ್ದೆ... ಅದನ್ನೂ ಕಿತ್ತುಕೊಂಡನೇ?

ಮಧ್ಯಾಹ್ನ ಸಿದ್ಧಾರ್ಥ ಬಂದಾಗ ಅವನಿಗೆ ಕೂರಲೂ ಹೇಳಲಿಲ್ಲ ಅವಳು.

"ನನ್ನ ಫೈಲ್ ತಗದು ಬ್ಯಾರೆ ಹಾಕಿಸೀರಿ. ಹೌದಿಲ್ರೀ?"

"ಇಲ್ಲ."

"ಮತ್ತ ಇಪ್ಪತ್ತೈದು ಕುದುರಿ ಎಲ್ಲಿಗೆ ಹೋದ್ವು? ಬನಶಂಕರಿ ಸಿಗ್ನಲ್‌ನ್ಯಾಗ ಇಳದು ಹೋದ್ವೇನು?"

"ಗೊತ್ತಿಲ್ಲ. ನೀವು ತಪ್ಪು ಮಾಡಿರಲ್ಲ ಅನ್ನೋದಷ್ಟೇ ಗೊತ್ತು."

"ಅಷ್ಟು ಗೊತ್ತಿದ್ರ ನನಗ್ಯಾಕ ಫೋನ್ ಮಾಡ್ಲಿಲ್ಲ?"

ಅವನು ತಲೆ ತಗ್ಗಿಸಿದ. ಅವಳ ಮೊದಲ ಸಹಿ ಬಿದ್ದ ಕಾರು ಇದು. ಶಕ್ತಿ ಇಳಿದಿದೆಯೆಂದು ಕೇಳಿದರೆ ಅವಳಿಗೆ ನೋವಾಗುತ್ತದೆ, ಸದ್ದಿಲ್ಲದೆ ರಿಪೇರಿಯಾದರೆ ಅವಳಿಗೆ ತಿಳಿಯುವುದೇ ಇಲ್ಲ ಎಂದುಕೊಂಡೆ ಎಂದು ತಡವರಿಸಿದ.

ಆ ಮಾತಿಗೆ ಅವಳ ಸಿಟ್ಟು ಇಳಿಯಲಿಲ್ಲ. ಇನ್ನೊಂದು ಮೆಟ್ಟಿಲು ಏರಿತು.

"ನನ್ನ ಕೆಲಸದಾಗ ತಪ್ಪಿದ್ರ ನನ್ನ ಮುಂದ ನಿಂತು ಹೇಳ್ರಿ. ಸೀನು ಅಣ್ಣಂದಾಗಿದ್ರ ಅಂವಗ ಹೇಳ್ತಿದ್ರಿಲ್ಲೋ? ನನ್ನ ಬೆನ್ನ ಹಿಂದ ನಿಂತು ನನ್ನ ಕಾಯೂದು ಬ್ಯಾಡ. ಅದು ಮರ್ಯಾದಿ ಅಲ್ಲ."

 "ಅದು ನನ್ನ ತಪ್ಪೇ," ಎಂದ, ಮೆಲ್ಲಗೆ.

ಅವಳು ಕಾರಿಗೆ ಲ್ಯಾಪ್‌ಟಾಪ್ ಜೋಡಿಸಿ ಫೈಲನ್ನು ಓದಿದಳು. ಪರದೆಯ ಮೇಲೆ ಸಾಲುಸಾಲಾಗಿ ಬಂದ ಅಂಕಿಗಳೆಲ್ಲ ಅವಳವೇ. ಒಂದೂ ಬದಲಾಗಿರಲಿಲ್ಲ. ಕಳ್ಳನೆಂಬಂತೆ ಬೈಸಿಕೊಂಡವನು ಕಳ್ಳನಾಗಿರಲಿಲ್ಲ.

ಅವಳ ಕಿವಿಗಳು ಬಿಸಿಯಾದವು. ಸೀನುವಿನ ಓಟದ ದಾಖಲೆ ತೆರೆದು ನೋಡಿದಳು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲು ಹತ್ತುವವರಂತೆ ಟರ್ಬೊ ಏದುಸಿರು ಬಿಡುತ್ತಿತ್ತು. ಅದಕ್ಕೆ ಗಾಳಿ ಸಾಲುತ್ತಿಲ್ಲ.

ಭಾಗ್ಯಜ್ಯೋತಿ ಚೀಲದಿಂದ ತನ್ನ ನೋಟ್‌ಬುಕ್ ತೆಗೆದಳು. ಯಾವ ಕಾರು ಬಂದರೂ ಮಾಡಲೇಬೇಕಾದ ತಪಾಸಣೆಯ ಪಟ್ಟಿ ಮೊದಲ ಪುಟದಲ್ಲಿತ್ತು. ಮೊದಲ ಸಾಲು: 'ಏರ್ ಫಿಲ್ಟರ್ ತೆಗೆದು ನೋಡುವುದು.' ಮೂರು ವರ್ಷಗಳಲ್ಲಿ ಒಮ್ಮೆಯೂ ಬಿಡದಿದ್ದ ಆ ಸಾಲನ್ನು ಇಂದು ಸಿಟ್ಟಿನ ಭರದಲ್ಲಿ ಹಾರಿಸಿಬಿಟ್ಟಿದ್ದಳು.

ಬಾನೆಟ್ ಎತ್ತಿ, ಗಾಳಿ ಸೋಸುವ ಫಿಲ್ಟರಿನ ಪೆಟ್ಟಿಗೆ ಬಿಚ್ಚಿದಳು.

ಒಳಗೆ ಹಳದಿ.

ಒಣಗಿದ ಸೇವಂತಿಗೆಯ ಎಸಳುಗಳು ಫಿಲ್ಟರಿನ ಮಡಿಕೆಮಡಿಕೆಗೂ ಚಾಪೆಯಂತೆ ಹಾಸಿಕೊಂಡಿದ್ದವು. ಅವಳು ನಿಧಾನವಾಗಿ ಕಾರಿನ ಮುಂದಕ್ಕೆ ಬಂದಳು. ಅಗಲಿಸಿದ ಗಾಳಿಬಾಯಿಯ ಎದುರು ಹೂವಿಲ್ಲದ ದಾರವೊಂದು ಇನ್ನೂ ಬಿಗಿಯಾಗಿ ನಿಂತಿತ್ತು. ಅದರ ಎರಡೂ ತುದಿಗಳಲ್ಲಿ ಅವಳು ಹಾಕಿದ ಗಂಟು!

ಜಾಲರಿ ತೆಗೆಸಿದವಳೂ ಅವಳೇ, ಅದೇ ಬಾಯಿಗೆ ಹಾರ ಕಟ್ಟಿದವಳೂ ಅವಳೇ.

"ಆಯುಧಪೂಜೆ ಆಗಿ ಹನ್ನೊಂದು ದಿನ ಆಯ್ತು. ಹೂವ ಒಣಗಿದ ಮ್ಯಾಲೂ ಯಾಕ ಬಿಚ್ಚಲಿಲ್ಲ?" ಅವಳ ಧ್ವನಿ ಈಗ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

ಸಿದ್ಧಾರ್ಥ ದಾರವನ್ನು ನೋಡಿದ, ಅವಳನ್ನು ನೋಡಿದ. ವಿಜಯದಶಮಿಯಂದು ತಾಯಿ ಈಶ್ವರಮ್ಮನನ್ನು ಇದೇ ಕಾರಿನಲ್ಲಿ ಬುದ್ಧವಿಹಾರಕ್ಕೆ ಕರೆದೊಯ್ದಿದ್ದನಂತೆ. ಹಾರ ಯಾರು ಕಟ್ಟಿದ್ದೆಂದು ಅವರು ಕೇಳಿದರಂತೆ. ಹೇಳಿದನಂತೆ. ಹೇಳುವಾಗ ಮಗನ ಮುಖ ಹೇಗಿತ್ತೋ, ಅವರು ನಕ್ಕು, ಹಾಗಾದರೆ ಅದು ತಾನಾಗಿ ಉದುರುವ ತನಕ ಇರಲಿ ಎಂದರಂತೆ.

"ನೀವು ಕಟ್ಟಿದ್ದು," ಎಂದ ಅವನು. "ಬಿಚ್ಚೋಕೆ ಕೈ ಬರ್ಲಿಲ್ಲ."

 ಅವಳು ಹೊಸ ಫಿಲ್ಟರ್ ಹಾಕಿ ಕಾರನ್ನು ಮತ್ತೆ ಉರುಳೆಗಳ ಮೇಲೇರಿಸಿದಳು. ಮೂರು ಓಟ. ಇನ್ನೂರ ಹದಿನಾಲ್ಕು, ಇನ್ನೂರ ಹದಿಮೂರು, ಇನ್ನೂರ ಹನ್ನೆರಡು.

ಕುದುರೆಗಳೆಲ್ಲ ಮನೆಗೆ ಮರಳಿದ್ದವು.

ಶೀಟಿನಲ್ಲಿ ಇನ್ನೂರ ಹನ್ನೆರಡು ಎಂದು ಬರೆದಳು. 'ಶಕ್ತಿ ಇಳಿಯಲು ಕಾರಣ' ಎಂಬ ಜಾಗದಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಕಸ ಎಂದು ಬರೆದು ಮುಗಿಸಬಹುದಿತ್ತು. ಅವಳು ಬರೆದದ್ದು: 'ಗಾಳಿಬಾಯಿಗೆ ಟ್ಯೂನರ್ ಕಟ್ಟಿದ ಹಾರ.' ಸಹಿಯ ಜಾಗವನ್ನು ಖಾಲಿ ಬಿಟ್ಟು, ಶೀಟನ್ನು ಬೈಲಪ್ಪನವರ ಮುಂದಿಟ್ಟಳು.

ಅವರು ಓದಿದರು. ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ಓದಿದರು.

"ಸೀನು, ನೀನಾಗಿದ್ರೆ ಇದನ್ನ ಬರೀತಿದ್ದೇನೋ?"

"ನಾನಾಗಿದ್ರೆ ಇಲಿ ಮೇಲೆ ಹಾಕ್ತಿದ್ದೆ ಅಣ್ಣ," ಎಂದ ಸೀನು, ಪ್ರಾಮಾಣಿಕವಾಗಿ.

ಬೈಲಪ್ಪನವರು ಜೇಬಿನಿಂದ ಪೆನ್ನು ತೆಗೆದು ಅವಳ ಕಡೆ ಚಾಚಿದರು. "ಸೈನ್ ಮಾಡಮ್ಮ. ಇನ್ಮೇಲೂ ನೀನೇ ಮಾಡು."

ಸಂಜೆಯ ಬಿಸಿಲು ಗ್ಯಾರೇಜಿನ ಬಾಗಿಲಿನ ತನಕ ಬಂದು ನಿಂತಿತ್ತು. ಭಾಗ್ಯಜ್ಯೋತಿ ಶೀಟು ಹಿಡಿದು ಹೊರಗೆ ಬಂದಾಗ ಸಿದ್ಧಾರ್ಥ ಆ ದಾರವನ್ನು ಕತ್ತರಿಸದೆ, ಗಂಟು ಬಿಡಿಸಿ, ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

"ನಿಮ್ಮನ್ನ ಕಳ್ಳ ಅಂದಂಗ ಮಾತಾಡಿದೆ. ತಪ್ಪಾಯ್ತು," ಎಂದಳು ಅವಳು.

"ನಾನೂ ನಿಮ್ಮ ಬೆನ್ನ ಹಿಂದೆ ಹೋದೆ. ಇನ್ಮೇಲೆ ಏನಿದ್ರೂ ಎದುರಿಗೇ ಹೇಳ್ತೀನಿ." ಅವನು ಉಸಿರೆಳೆದುಕೊಂಡ. "ಈಗ್ಲೇ ಒಂದು ಹೇಳ್ಬೇಕು. ಭಾಗ್ಯಜ್ಯೋತಿ, ನಂಗೆ ನೀವಂದ್ರೆ ಇಷ್ಟ."

ಅವಳ ಎದೆಬಡಿತ ಯಾವ ಯಂತ್ರದ ಅಳತೆಗೂ ಸಿಗದಂತೆ ಏರಿತು. ಆದರೂ ಅವಳು ನೋಟ್‌ಬುಕ್ ತೆರೆದು, ಪೆನ್ಸಿಲ್ ಹಿಡಿದು, ಗಂಭೀರವಾಗಿಯೇ ನಿಂತಳು.

"ಒಂದ ಸಲದ್ದು ನಾ ಬರ್ಕೊಳಂಗಿಲ್ಲ. ಇನ್ನ ಎರಡು ಸಲ ಹೇಳ್ರಿ."

ಅವನು ನಕ್ಕ. ಎರಡನೆಯ ಸಲ, ಒಳಗಿದ್ದ ಸೀನುವಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ಮೂರನೆಯ ಸಲ ಅವಳ ಹತ್ತಿರ ಬಂದು ಹೇಳಿದ. ಮಾತು ಅರ್ಧ ಉಸಿರಾಗಿ, ಅವಳೊಬ್ಬಳಿಗೇ ತಲುಪಿತು.

"ಮೂರನೇದು ಸ್ವಲ್ಪ ಕಡಿಮಿ ಬಂತು," ಎಂದಳು ಅವಳು, ತಲೆಯೆತ್ತದೆ.

"ಕಡಿಮೆ ಬಂದಿದ್ದನ್ನೇ ಅಲ್ವಾ ನೀವು ಬರೆಯೋದು?"

"ಹೂಂ," ಎಂದು ಭಾಗ್ಯಜ್ಯೋತಿ ಬರೆದುಕೊಂಡಳು. "ಅದು ಯಾವತ್ತೂ ಕೈ ಬಿಡಂಗಿಲ್ಲ."