ಥ್ರಾಸಲ್ ಓಣಿಯ ಟೀ

"ಎದ್ದು ತುಳಿಯೇ ನೆಲ್, ಎದ್ದು!"

ಹಿಂದಿನಿಂದ ಅಣ್ಣ ವಿಲ್ಫ್ ಕಿರುಚುತ್ತ ಓಡಿಬರುತ್ತಿದ್ದ. ಒಂದು ಕೈಯಲ್ಲಿ ಹಾಲು ಕಾಯಿಸುವ ಪಾತ್ರೆ, ಇನ್ನೊಂದರಲ್ಲಿ ಸೌಟು. ಡಣ್ ಡಣ್ ಡಣ್. ಅರ್ಧ ನೀರು, ಅರ್ಧ ಹಿಮ ಬೆರೆತ ಮಳೆ ನೆಲ್‌ಳ ಮುಖಕ್ಕೆ ರಾಚುತ್ತಿತ್ತು. ಮೂಗು ಸುರಿಯುತ್ತಿತ್ತು. ಒರೆಸಿಕೊಳ್ಳೋಣ ಎಂದರೆ ಸೈಕಲ್ಲಿನ ಹ್ಯಾಂಡಲ್ ಬಿಡುವ ಹಾಗಿಲ್ಲ, ಸುರಿದದ್ದೆಲ್ಲ ಬಾಯಿಗೇ ಹೋಗುತ್ತಿತ್ತು.

ಕಲ್ಲು ಹಾಸಿದ ಥ್ರಾಸಲ್ ಓಣಿಯ ಕಡಿದಾದ ಏರನ್ನು ಬೇಸಿಗೆಯಲ್ಲಿ ಯಾರು ಬೇಕಾದರೂ ಹತ್ತುತ್ತಾರೆ, ಅದು ಲೆಕ್ಕಕ್ಕಿಲ್ಲ. ಚಳಿಗಾಲದ ಭಾನುವಾರ, ಕಾಲು ನೆಲಕ್ಕೆ ತಾಗಿಸದೆ ತುದಿ ಮುಟ್ಟಿದವರ ಹೆಸರು ಮಾತ್ರ ಸೈಕಲ್ ಕ್ಲಬ್ಬಿನ ಹಲಗೆಯ ಮೇಲೆ. ಕಾಲಿಟ್ಟವರು ಅವತ್ತು ಎಲ್ಲರಿಗೂ ಟೀ ಮಾಡಬೇಕು. ನೆಲ್ ನಾಲ್ಕು ಭಾನುವಾರದಿಂದ ಟೀ ಮಾಡುತ್ತಿದ್ದಾಳೆ. ಇವತ್ತು ಈ ಚಳಿಗಾಲದ ಕೊನೆಯ ಭಾನುವಾರ. ವಿಲ್ಫ್‌ನ ಹೆಸರಂತೂ ಹಲಗೆ ಮೇಲೆ ಎರಡು ವರ್ಷದಿಂದ ಹಲ್ಲು ಕಿರಿಯುತ್ತಿದೆ. ಶಾಲೆಯಲ್ಲಿ ಅವಳಿಗೆ 'ಟೀ ಮೇಡಮ್' ಎಂದು ಹೆಸರಿಟ್ಟವನೂ ಅವನೇ.

ನಾಲ್ಕು ಸಲವೂ ಇದೇ ತಿರುವಿನಲ್ಲಿ ಅವನು ಏಳು ಎಂದಿದ್ದ, ಇವಳು ಎದ್ದಿದ್ದಳು. ಒದ್ದೆ ಕಲ್ಲಿನ ಮೇಲೆ ಹಿಂದಿನ ಚಕ್ರ ಗಿರ್ ಎಂದು ಇದ್ದಲ್ಲೇ ತಿರುಗಿ, ಕಾಲು ನೆಲಕ್ಕೆ ಬಿದ್ದಿತ್ತು. ಬೇಕೆಂದೇ ಬೀಳಿಸುತ್ತಾನೆ ಕೋತಿ, ಅವಳಿಗೆ ಅನುಮಾನವೇ ಇರಲಿಲ್ಲ.

ಬೆಳಿಗ್ಗೆ ಅಜ್ಜಿ ಅವಳ ಕಿವಿಯಲ್ಲಿ ಒಂದೇ ಮಾತು ಹೇಳಿದ್ದಳು. "ಕಲ್ಲು ಒದ್ದೆ ಇದ್ದಾಗ ಅಂಡು ಎತ್ತಬೇಡ. ಸೀಟಿಗೆ ಅಂಟಿಸ್ಕೊಂಡಿರು." ಅಜ್ಜಿ ಕ್ಲಬ್ಬಿನ ಅಧ್ಯಕ್ಷೆ. ಅಂಡಿನ ವಿಷಯದಲ್ಲಿ ಅವಳ ಮಾತು ನಂಬಬಹುದು.

ನೆಲ್ ಏಳಲಿಲ್ಲ. ಡಣ್ ಡಣ್ ಜೋರಾಯಿತು, ಆದರೂ ಏಳಲಿಲ್ಲ. ಒಂದು ಒದ್ದೆ ನಾಯಿ ಅವಳನ್ನು ಹಿಂದೆ ಹಾಕಿ, ತಿರುಗಿ ನೋಡಿ, ಮುಂದೆ ಹೋಯಿತು. ತೊಡೆ ಉರಿಯಿತು. ತಿರುವು ದಾಟಿತು. ಕೊನೆಗೆ ಮುಂದಿನ ಚಕ್ರ ಓಣಿಯ ತುದಿಯಲ್ಲಿದ್ದ ಕ್ಲಬ್ಬಿನ ಬಾಗಿಲಿಗೆ ಡಿಕ್ಕಿ ಹೊಡೆದು ನಿಂತಿತು.

ಅಜ್ಜಿ ಬಾಗಿಲು ತೆಗೆದು, ಕಾಲಿಟ್ಟಳಾ ಎಂದು ಕೇಳಿದ್ದು ವಿಲ್ಫ್‌ನನ್ನು. ಸಾಕ್ಷಿಗೆ ಇದ್ದದ್ದು ಅವನೊಬ್ಬನೇ.

"ಇಲ್ಲ. ನೋಡ್ತಾನೇ ಇದ್ದೆ," ಎಂದ ವಿಲ್ಫ್. ಕಿರುಚಿ ಕಿರುಚಿ ಅವನ ದನಿ ಒಡೆದಿತ್ತು.

"ಹಾಗಾದ್ರೆ ಟೀ ನಿಂದು. ಓಣಿಯುದ್ದಕ್ಕೂ ಕಾಲು ನೆಲಕ್ಕಿಟ್ಟೋನು ನೀನೇ ತಾನೇ?"

ಒಳಗೆ ಬೆಚ್ಚಗೆ ಕೂತಿದ್ದವರೆಲ್ಲ ಹೋ ಎಂದು ನಕ್ಕರು. ನೆಲ್ ನಗುವುದನ್ನೂ ಬಿಟ್ಟು ಅವನ ಹಿಂದೆ ಹೋದಳು.

"ಯಾವಾಗ್ಲೂ ಏಳು ಏಳು ಅಂತೀಯಲ್ಲ, ಯಾಕೋ?"

"ನಾನು ಎದ್ದೇ ಹತ್ತಿದ್ದು ಕಣೇ. ನಂಗೆ ಬೇರೆ ಥರ ಗೊತ್ತಿಲ್ಲ."

"ಅವತ್ತು ಕಲ್ಲು ಒಣಗಿತ್ತು, ಪೆದ್ದಪ್ಪ," ಎಂದಳು ಅಜ್ಜಿ, ಹಲಗೆಯ ಮೇಲೆ ನೆಲ್‌ಳ ಹೆಸರು ಬರೆಯುತ್ತ.

ವಿಲ್ಫ್‌ನ ಪ್ಯಾಂಟು ಮಂಡಿಯಲ್ಲಿ ಹರಿದು ರಕ್ತ ಒಸರುತ್ತಿತ್ತು. ಬೂಟಿನಿಂದ ಪಚಕ್ ಪಚಕ್ ಎಂದು ನೀರು ಬರುತ್ತಿತ್ತು. ಐದು ಭಾನುವಾರವೂ ಪಾತ್ರೆ ಬಡಿದು ಅವಳನ್ನು ಹುರಿದುಂಬಿಸಲು ಹೊರಗೆ ಬಂದವರು ಬೇರೆ ಯಾರೂ ಇರಲಿಲ್ಲ ಎಂಬುದು ನೆಲ್‌ಗೆ ಆಗ ಹೊಳೆಯಿತು.

ಅವನು ಮಾಡಿದ ಟೀ ಸಾಕ್ಸ್ ತೊಳೆದ ನೀರಿನ ಹಾಗಿತ್ತು. ಅವಳು ಒಂದು ತೊಟ್ಟೂ ಬಿಡದೆ ಕುಡಿದು ಕಪ್ ಮುಂದೆ ಹಿಡಿದಳು.

"ಇನ್ನೊಂದು ಕಪ್ ಹಾಕು."