ತೂರದ ಗುಂಡು

ಗುರಿಕಾರನ ಗುರಿಯನ್ನು ಬಣ್ಣಿಸಹೊರಟರೆ ಭೂಮಿಯ ಮೇಲಿನ ಕಾಗದವೆಲ್ಲ ಸಾಲದು. ಹಾರುವ ನೊಣದ ಎಡಮೀಸೆಯನ್ನು ಉದುರಿಸಿ, ಬಲಮೀಸೆಗೆ ಧೂಳೂ ಸೋಕದಂತೆ ಬಿಡಬಲ್ಲವನು. ಅಂಥವನಿಗೆ ಸಿಕ್ಕ ಕೆಲಸ ನೋಡಿ: ಭಾವನ ಕಾರ್ಖಾನೆಯಲ್ಲಿ ತಯಾರಾಗುವ ಗುಂಡು ನಿರೋಧಕ ಜಾಕೆಟ್ಟುಗಳಿಗೆ ಗುಂಡು ಹೊಡೆದು ಪರೀಕ್ಷಿಸುವುದು. ಗುಂಡು ತೂರಿದರೆ ಅವನು ಗೆದ್ದ, ಕಾರ್ಖಾನೆ ಸೋತಿತು. ತೂರದಿದ್ದರೆ ಅವನು ಸೋತ, ಕಾರ್ಖಾನೆ ಗೆದ್ದಿತು. ಇಪ್ಪತ್ತು ವರ್ಷ, ಕಡಿಮೆಯೆಂದರೂ ಹತ್ತು ಲಕ್ಷ ಗುಂಡು, ಒಂದೂ ತೂರಿರಲಿಲ್ಲ. ಸೋಲುವುದರಲ್ಲಿ ಇಷ್ಟು ಯಶಸ್ವಿಯಾದ ಮನುಷ್ಯ ಮೂರು ಲೋಕದಲ್ಲೂ ಇರಲಿಕ್ಕಿಲ್ಲ.

"ಏನೋ, ಇವತ್ತೂ ಸೋತ್ಯಾ? ಶಭಾಷ್!" ಎಂದು ಭಾವ ದಿನಾ ಬೆನ್ನು ತಟ್ಟುತ್ತಿದ್ದ. ಅದನ್ನಾದರೂ ನುಂಗಿಕೊಂಡಾನು. ಆದರೆ ಸೋಮವಾರ ಅಕ್ಕ ಜಾಕೆಟ್ ಹೊಲಿಯಲು ಬಂದಾಗ ಅವಳ ಮುಂದಿನ ಎರಡು ಹಲ್ಲು ಇರಲಿಲ್ಲ.

"ಬಾಗಿಲು ಬಡೀತು ಕಣೋ."

"ಬಾಗಿಲು ಉಂಗುರ ಹಾಕ್ಕೊಂಡಿತ್ತೇನಕ್ಕಾ? ಕೆನ್ನೆ ಮೇಲೆ ಅಚ್ಚು ಬಿದ್ದಿದೆ."

"ಸುಮ್ನಿರೋ. ನಿನ್ನ ಕೈಲಿ ಏನಾಗುತ್ತೆ?"

ಏನಾಗುತ್ತೆ! ಅಕ್ಕನನ್ನು ಭಾವನ ಕೈಯಿಂದ ಬಿಡಿಸಲೇಬೇಕೆಂದು ಅವನು ಆಗಲೇ ತೀರ್ಮಾನಿಸಿದ. ಕೊಳ್ಳುವವರು ಬಂದಾಗ ಭಾವ ತಾನೇ ಜಾಕೆಟ್ ತೊಟ್ಟು ಹಜಾರದಲ್ಲಿ ಎದೆಯೊಡ್ಡಿ ನಿಲ್ಲುತ್ತಿದ್ದ, ಹೊಡೆಯುವವನು ಇವನು. ಗುಂಡು ತಡೆಯಲೆಂದು ಜಾಕೆಟ್ಟಿನ ಎದೆಗೆ ಹಾಕುವ ಪಿಂಗಾಣಿ ಫಲಕಗಳಲ್ಲಿ, ಕುಲುಮೆಯಲ್ಲಿ ಅರೆಬೆಂದು ಮೂಲೆಗೆ ಬಿದ್ದಿದ್ದ ಒಂದನ್ನು ಆರಿಸಿದ. ಅದೇ ತೂಕ, ಅದೇ ಬಣ್ಣ, ಬಿಸ್ಕತ್ತಿನಷ್ಟೇ ಗಟ್ಟಿ. ಭಾವ ತೊಡುವ ಜಾಕೆಟ್ಟಿನಿಂದ ಒಳ್ಳೆಯ ಫಲಕ ತೆಗೆದು ಇದನ್ನು ಎದೆಯೊಳಗೆ ತೂರಿಸಿದ. ರೈಫಲ್ಲಿಗೆ ಸಾಲಾಗಿ ನಿಂತ ಏಳು ಆನೆಗಳನ್ನು ಒಟ್ಟಿಗೆ ಕೆಡವಬಲ್ಲ ಗುಂಡು ತುಂಬಿದ. ಪೊಲೀಸರು ಕೇಳಿದರೆ? ಜಾಕೆಟ್ ಸೋತಿತು ಸ್ವಾಮಿ, ನಾನು ನನ್ನ ಕೆಲಸ ಮಾಡಿದೆ. ಸಂಬಳ ಕೊಟ್ಟು ತನ್ನನ್ನೇ ಕೊಲ್ಲಿಸಿಕೊಂಡ ಧಣಿಗಾಗಿ ಆಳಿನ ಮೇಲೆ ಯಾರು ತಾನೇ ಮೊಕದ್ದಮೆ ಹೂಡುತ್ತಾರೆ?

ಗುರುವಾರ ಮಧ್ಯಾಹ್ನ, ಆರು ಜನ ಗಿರಾಕಿಗಳೆದುರು ಭಾವ ತೋಳು ಚಾಚಿ ನಿಂತ.

"ಹೊಡಿಯೋ! ಇನ್ನೊಂದು ಸಲ ಸೋತು ತೋರ್ಸು!"

ಹೊಡೆದ. ಎದೆ ಒಡೆದು, ರಕ್ತ ಹಾರಿ ಮುಂದೆ ಕೂತಿದ್ದವನ ಕನ್ನಡಕ ಮುಚ್ಚಿತು. ಭಾವ ತೂತಿಗೆ ಬೆರಳಿಟ್ಟು, ಸರಕಿನಲ್ಲಿ ದೋಷ ಕಂಡವನಂತೆ ಹುಬ್ಬು ಗಂಟಿಕ್ಕಿ, ಬಾಯ್ತುಂಬ ರಕ್ತ ಕಾರಿ ಕುಸಿದ. ಗೆದ್ದೆ, ಎಂದುಕೊಂಡ ಗುರಿಕಾರ. ಎರಡು ದಿನದಿಂದ ಅಭ್ಯಾಸ ಮಾಡಿಟ್ಟಿದ್ದ ಗಾಬರಿಯಲ್ಲಿ "ಅಕ್ಕಾ!" ಎಂದು ಕೂಗಿದ.

ಅಕ್ಕ ಓಗೊಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಗುಂಡೂ ಜಾಕೆಟ್ ದಾಟಿರಲಿಲ್ಲವಾದ್ದರಿಂದ, ಎದೆಯೊಡ್ಡಿದವನ ಬೆನ್ನ ಹಿಂದೆ ಏನಿದೆಯೆಂದು ಯಾರೂ ಯೋಚಿಸಿರಲಿಲ್ಲ, ಅವನೂ. ಇದ್ದದ್ದು ಬರೀ ಪ್ಲೈವುಡ್ ಗೋಡೆ. ಅದರಲ್ಲೀಗ ದುಂಡನೆಯ ತೂತು. ಆಚೆ ಕೋಣೆಯಲ್ಲಿ ಅಕ್ಕ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಒರಗಿದ್ದಳು. ಅರ್ಧ ಹೊಲಿದ ಜಾಕೆಟ್ ಅವಳ ಕೆಳಗೆ ಕೆಂಪಗೆ ತೊಯ್ಯುತ್ತಿತ್ತು.